ಹದಿಮೂರು ನಿಮಿಷ ಮುಂಚೆ ಬಂದ ವಿಮಾನ

ಆ ಬೆಳಿಗ್ಗೆ ನಾನು ಹಾರಿಬಿಟ್ಟ ಬಲೂನು ಕೆಂಪು. ಮೋಡವಿದ್ದ ದಿನ ಕೆಂಪು, ಆಕಾಶ ತಿಳಿಯಾಗಿದ್ದ ದಿನ ಬಿಳಿ. ಬಳ್ಳಾರಿಯ ನಮ್ಮ ಹವಾಮಾನ ಕಚೇರಿಯಲ್ಲಿ ಅದು ಪದ್ಧತಿ. ಜವಾನ ಬಲೂನಿಗೆ ಹೈಡ್ರೋಜನ್ ತುಂಬಿ, ತೂಕ ಕಟ್ಟಿ ಅದರ ಏರುಬಲ ನೋಡಿ, ಕೈಬಿಡುತ್ತಿದ್ದ. ನಾನು ಥಿಯೊಡೊಲೈಟಿನ ದುರ್ಬೀನಿಗೆ ಕಣ್ಣಿಟ್ಟು ಬಲೂನಿನ ಬೆನ್ನು ಹತ್ತುತ್ತಿದ್ದೆ. ನಿಮಿಷಕ್ಕೊಮ್ಮೆ ಅವನು ಗಂಟೆ ಬಾರಿಸಿದಾಗ ಎರಡು ಕೋನ ಓದಬೇಕು: ಬಲೂನು ಎಷ್ಟು ಮೇಲಿದೆ, ಯಾವ ದಿಕ್ಕಿಗಿದೆ. ಅದು ಏರುವ ವೇಗ ಮೊದಲೇ ಗೊತ್ತಿರುವುದರಿಂದ ಆ ಎರಡು ಕೋನಗಳಿಂದ ಮೇಲಿನ ಗಾಳಿಯ ದಿಕ್ಕೂ ವೇಗವೂ ಲೆಕ್ಕಕ್ಕೆ ಸಿಗುತ್ತವೆ. ಅದನ್ನು ಐದೈದು ಅಂಕಿಗಳ ಗುಂಪುಗಳಾಗಿ ಬರೆದು ಮದ್ರಾಸಿಗೆ ತಂತಿ ಕಳಿಸುತ್ತಿದ್ದೆ. ಮದ್ರಾಸಿನಿಂದ ಮುಂಬಯಿಗೆ ಹೊರಡುವ ವಿಮಾನದ ಚಾಲಕ ಆ ಗಾಳಿಯನ್ನು ನಂಬಿ, ಯಾವ ಹೊತ್ತಿಗೆ ಎಲ್ಲಿರುತ್ತೇನೆಂದು ಗುಣಿಸಿಕೊಳ್ಳುತ್ತಿದ್ದ. ಎರಡು ಊರುಗಳ ನಡುವೆ ಗೆರೆ ಎಳೆದರೆ ಸುಮಾರು ಆರುನೂರ ನಲವತ್ತು ಮೈಲಿ. ಬಳ್ಳಾರಿ ಆ ಗೆರೆಗೆ ತುಸು ದಕ್ಷಿಣಕ್ಕಿದೆ; ದಾರಿಯ ಗುರುತಿಗೆಂದು ವಿಮಾನಗಳು ಅದರ ಮೇಲಿಂದಲೇ ಹೋಗುತ್ತಿದ್ದವು.

ಬಲೂನು ಬಿಡುವ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಥಿಯೊಡೊಲೈಟಿಗೆ ಉತ್ತರ ಯಾವುದೆಂದು ತಾನಾಗಿ ತಿಳಿಯದು. ದಿಕ್ಕು ಗೊತ್ತಿರುವ ದೂರದ ಗುರುತೊಂದಕ್ಕೆ ದುರ್ಬೀನು ತಿರುಗಿಸಿ, ವೃತ್ತದ ಮೇಲಿನ ಅಂಕಿಯನ್ನು ಅದಕ್ಕೆ ಸರಿಯಾಗಿ ಬಿಗಿಯಬೇಕು. ಸಂಗನಕಲ್ಲಿನ ಕಡೆಯ ಗುಡ್ಡವೊಂದರ ಮೇಲೆ ಸುಣ್ಣ ಬಳಿದ ಕಲ್ಲುಗಂಬವೇ ನಮ್ಮ ಗುರುತು. ಉತ್ತರದಿಂದ ಪೂರ್ವಕ್ಕೆ ನಲವತ್ತು ಡಿಗ್ರಿ.

ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲ ಅದು. ಹೊಳೆಯಾಚೆ ಭಾರತಕ್ಕೆ ಇನ್ನೂ ಸೇರದ ಹೈದರಾಬಾದ್ ಸೀಮೆ, ಈಚೆ ನಾವು. ಆಚೆಯಿಂದ ಬಂದೂಕು, ಕತ್ತಿ ಹಿಡಿದ ದಂಡು ದಾಟಿ ಬಂದು ದಂಡೆಯ ಹಳ್ಳಿಗಳನ್ನು ಸುಡುತ್ತಿದ್ದ ಕಾಲ. ನಮ್ಮ ಕಚೇರಿಯ ಮಾಳಿಗೆಯನ್ನು ಪೊಲೀಸರು ಕಾವಲಿಗೆ ತೆಗೆದುಕೊಂಡಿದ್ದರಿಂದ ಥಿಯೊಡೊಲೈಟನ್ನು ಅಂಗಳಕ್ಕೆ ಇಳಿಸಿ, ದಿನಾ ಹೊಸದಾಗಿ ಮಟ್ಟಮಾಡಿ ನಿಲ್ಲಿಸುತ್ತಿದ್ದೆ. ಆ ಬೆಳಿಗ್ಗೆ ಸೋನೆ. ದುರ್ಬೀನಿನಲ್ಲಿ ಕಾಣುವ ಆಕಾಶ ಒಂದು ತಟ್ಟೆಯಷ್ಟು. ಅದರೊಳಗೆ ಬಿಳಿಯದೊಂದು ಕಂಡಿತು. ನಲವತ್ತಕ್ಕೆ ಬಿಗಿದೆ.

ಹನ್ನೊಂದು ನಿಮಿಷದ ನಂತರ ಬಲೂನು ಮೋಡ ಸೇರಿತು. ಪಡುವಣದಿಂದ, ಸ್ವಲ್ಪ ಉತ್ತರಕ್ಕೆ ವಾಲಿ, ಗಂಟೆಗೆ ಮೂವತ್ತು ಮೈಲಿ ಗಾಳಿ. ಮಳೆಗಾಲದ ಗಾಳಿ ಪಡುವಣದ್ದೇ. ಸಂದೇಹಕ್ಕೆ ಆಸ್ಪದ ಕಾಣಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಜವಾನ ಹೇಳಿದ: "ಅಮ್ಮಾರೆ, ಇವತ್ತು ವಿಮಾನದ ಸಪ್ಪಳಾನೇ ಇಲ್ಲಲ್ರಿ. ನಿದ್ದಿ ಮಾಡೇತೇನು?"

"ಮೋಡ ದಪ್ಪಗಿದೆ. ಕೇಳಿಸಿರಲಿಕ್ಕಿಲ್ಲ," ಎಂದೆ.

"ನಮ್ಮಕ್ಕನ ಗಂಡ ಗೊರಕಿ ಹೊಡದ್ರ ಮೋಡ ದಾಟಿ ಕೇಳತೈತಿ. ವಿಮಾನ ಅದಕಿಂತ ಕಡಿಮಿ ಆತೇನ್ರಿ?" ಎಂದು ನಕ್ಕ. ನಾನೂ ನಕ್ಕೆ.

ಮರುದಿನ ನಸುಕಿನಲ್ಲಿ ಆ ಅಕ್ಕನ ಊರನ್ನೇ ಸುಟ್ಟರು. ಸಿರುಗುಪ್ಪದ ಹತ್ತಿರ, ಹೊಳೆಯ ದಂಡೆಯ ಸಣ್ಣ ಹಳ್ಳಿ. ಹನ್ನೊಂದರ ಹೊತ್ತಿಗೆ ಗಾಯಗೊಂಡವರನ್ನು ಲಾರಿಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ ತಂದರು. ಜವಾನನ ಜೊತೆ ನಾನೂ ಹೋದೆ. ಲಾರಿಯ ಹಲಗೆಯ ಮೇಲೆ ಹುಲ್ಲು ಹಾಸಿದ್ದರು. ಹುಲ್ಲು ಕೆಂಪಾಗಿ ಮುದ್ದೆಯಾಗಿತ್ತು. ಒಬ್ಬ ಮುದುಕನ ಕಿವಿಯಿಂದ ಭುಜದವರೆಗೆ ಕತ್ತಿಯ ಏಟು. ಅವನು ಕುಳಿತೇ ಇದ್ದ, ತಲೆಯನ್ನು ತನ್ನ ಕೈಯಿಂದಲೇ ಒತ್ತಿ ಹಿಡಿದುಕೊಂಡು. ಮೈಯೆಲ್ಲ ಸುಟ್ಟ ಹೆಂಗಸೊಬ್ಬಳಿಗೆ ಬಟ್ಟೆ ಹೊದಿಸಲು ಹೋದರೆ ಬಟ್ಟೆ ತಾಗಿದಲ್ಲೆಲ್ಲ ಕಿರುಚುತ್ತಿದ್ದಳು. ಜವಾನನ ಅಕ್ಕ ಲಾರಿಯ ಮೂಲೆಯಲ್ಲಿದ್ದಳು. ಕತ್ತಿಗೆ ಅಡ್ಡ ಹಿಡಿದ ಎರಡೂ ಮುಂಗೈ ಕಡಿದುಹೋಗಿದ್ದವು. ಹೊಟ್ಟೆಗೆ ಬಿದ್ದ ಏಟೇ ಕೊಂದದ್ದು ಎಂದು ವೈದ್ಯರು ಹೇಳಿದರು. ಜವಾನ ಅಳಲಿಲ್ಲ. ಅವಳ ಸೆರಗಿನ ಗಂಟು ಬಿಚ್ಚಿ ನೋಡಿದ. ಎಲೆ ಅಡಿಕೆ ಇತ್ತು. ಮತ್ತೆ ಹಾಗೇ ಗಂಟು ಹಾಕಿದ.

ಲಾರಿಯವರು ಇನ್ನೊಂದು ಸುದ್ದಿ ತಂದಿದ್ದರು. ಹಿಂದಿನ ದಿನ ಹನ್ನೊಂದೂವರೆ ದಾಟಿದ ಮೇಲೆ ಸಿರುಗುಪ್ಪದ ಮೇಲೆ ವಿಮಾನವೊಂದು ಮೋಡದಿಂದ ಇಳಿದು, ಎರಡು ಸುತ್ತು ಹಾಕಿ ಹೋಗಿತ್ತಂತೆ. ಅದೇ ಹೊತ್ತಿಗೆ ಬಿಸಿಲು ಬಿದ್ದಿತ್ತು. ಪೇಟೆಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬನೊಬ್ಬ ಹೊಳೆಯುವ ತಟ್ಟೆಗಳನ್ನು ಮಾಳಿಗೆಯ ಮೇಲೆ ಸಾಲಾಗಿ ಇಟ್ಟಿದ್ದ. ವಿಮಾನಕ್ಕೆ ಅವನೇ ಸನ್ನೆ ಮಾಡಿದ, ವಿಮಾನ ದಂಡಿಗೆ ದಾರಿ ತೋರಿಸಿತು ಎಂದು ಊರು ತೀರ್ಮಾನಿಸಿತ್ತು. ಅವನನ್ನು ಪೇಟೆಯಲ್ಲೇ ಕೆಡವಿ ಬಡಿದಿದ್ದರು. ಪೊಲೀಸರು ಹೇಗೋ ಬಿಡಿಸಿ ಲಾಕಪ್ಪಿಗೆ ಹಾಕಿದ್ದರು.

ಮೂರನೆಯ ದಿನ ಬೆಳಿಗ್ಗೆ ಸಿರುಗುಪ್ಪದ ಇನ್‌ಸ್ಪೆಕ್ಟರ್ ನಮ್ಮ ಕಚೇರಿಗೆ ಬಂದರು. ಬೂಟಿನ ಕೆಸರು ಒಣಗಿತ್ತು. ಕಣ್ಣು ನಿದ್ರೆಯಿಲ್ಲದೆ ಕೆಂಪಾಗಿದ್ದವು. ನಮ್ಮ ಕಚೇರಿಯ ಹಿರಿಯರು ಅವರನ್ನು ನನ್ನ ಮೇಜಿಗೆ ಕರೆತಂದರು.

"ನೋಡ್ರಿ ಅಮ್ಮಾ," ಎಂದರು ಇನ್‌ಸ್ಪೆಕ್ಟರ್, "ನನಗ ಎರಡ ಮಾತು ಬೇಕು. ಅವತ್ತು ಸಿರುಗುಪ್ಪದ ಮ್ಯಾಲ ಬಂದದ್ದು ನಿಮ್ಮ ಮದ್ರಾಸಿನ ವಿಮಾನಾನೋ, ಅಲ್ಲೋ? ಕರಾಚಿಯಿಂದ ಹೈದರಾಬಾದಿಗೆ ಬಂದೂಕು ಹೊತ್ತು ವಿಮಾನ ಬರ್ತಾವಂತ ಜನ ಅಂತಾರ. ಅದು ಅಂಥಾದ್ದು ಆಗಿರಬಹುದೋ?"

ಮೊದಲನೆಯದಕ್ಕೆ ನನ್ನ ಬಳಿ ಉತ್ತರ ಸಿದ್ಧವಿತ್ತು. ನಾನು ಕಳಿಸಿದ ಗಾಳಿಯ ಪ್ರಕಾರ, ಒಂಬತ್ತೂವರೆಗೆ ಮದ್ರಾಸು ಬಿಟ್ಟ ವಿಮಾನ ಹನ್ನೊಂದು ಐವತ್ತಕ್ಕೆ ಬಳ್ಳಾರಿಯ ಮೇಲಿರಬೇಕು. ಇನ್‌ಸ್ಪೆಕ್ಟರ್ ಠಾಣೆಯ ಗಡಿಯಾರ ನೋಡಿ ಬರೆದುಕೊಂಡಂತೆ ಹನ್ನೊಂದು ಮೂವತ್ತೇಳಕ್ಕೆ ಅದು ಮೂವತ್ತು ಮೈಲಿ ಉತ್ತರದ ಸಿರುಗುಪ್ಪದಲ್ಲಿರುವುದು ಸಾಧ್ಯವಿಲ್ಲ. ಎರಡನೆಯದಕ್ಕೆ ಲಾಗರಿತಮ್ ಕೋಷ್ಟಕಗಳ ಪುಸ್ತಕ ತೆಗೆದೆ. ಅಕ್ಷಾಂಶ, ರೇಖಾಂಶ ಹಿಡಿದು ಗೋಳದ ಮೇಲಿನ ದೂರ ಗುಣಿಸಿದರೆ ಕರಾಚಿಯಿಂದ ಹೈದರಾಬಾದಿಗೆ ಸುಮಾರು ಒಂಬೈನೂರು ಮೈಲಿ. ಸಿರುಗುಪ್ಪಕ್ಕೂ ಹೆಚ್ಚುಕಡಿಮೆ ಅಷ್ಟೇ. ಗಂಟೆಗೆ ನೂರ ಎಂಬತ್ತು ಮೈಲಿಯಂತೆ ಐದು ತಾಸು. ಬೆಳಗಾದ ಮೇಲೆ ಹೊರಟ ವಿಮಾನ ಹನ್ನೊಂದೂವರೆಗೆ ಬರಬಹುದು. ಆದರೆ ಸಿರುಗುಪ್ಪ ಆ ಎರಡು ನಗರಗಳ ನಡುವಿನ ದಾರಿಯಲ್ಲಿಲ್ಲ. ಇದಿಷ್ಟನ್ನೂ ಕಾಗದದ ಮೇಲೆ ಬರೆದೆ: 'ವೇಳೆಯ ದೃಷ್ಟಿಯಿಂದ ಸಾಧ್ಯ, ಆದರೆ ನೇರ ದಾರಿಯಲ್ಲಿಲ್ಲ.' ಸಹಿ ಮಾಡಿದೆ. ಇನ್‌ಸ್ಪೆಕ್ಟರ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಬಾಗಿಲ ಬಳಿ ಜವಾನ ನಿಂತಿದ್ದ. ಅವರು ಹೋದ ಮೇಲೆ ಕೇಳಿದ: "ಹಂಗಾದ್ರ ಅವನಽ ಅಲ್ರಿ ನಮ್ಮಕ್ಕನ್ನ ಕೊಂದಂವಾ?"

"ನಾನು ಹಾಗೆ ಬರೆದಿಲ್ಲ."

"ಹಂಗಲ್ಲ ಅಂತಾನೂ ಬರದಿಲ್ಲಲ್ರಿ," ಎಂದ.

ನಾಲ್ಕನೆಯ ದಿನ ಬೆಳಿಗ್ಗೆ ಎರಡು ಸಂಗತಿಗಳು ಒಂದರ ಹಿಂದೆ ಒಂದು ಬಂದವು. ಮೊದಲನೆಯದು ಪೊಲೀಸ್ ವ್ಯಾನಿನವನು ತಂದದ್ದು. ಹಿಂದಿನ ಸಂಜೆ ಠಾಣೆಯೆದುರು ಸೇರಿದ ಜನಕ್ಕೆ ಕಾಗದ ಓದಿ ಹೇಳಿದ್ದರು. 'ಸಾಧ್ಯ' ಎಂಬಲ್ಲಿಗೆ ಗದ್ದಲವೆದ್ದು, ಉಳಿದದ್ದು ಯಾರಿಗೂ ಕೇಳಲಿಲ್ಲ. ಜನ ಲಾಕಪ್ಪಿನ ಬಾಗಿಲು ಮುರಿದು ಕಲಾಯಿಯವನನ್ನು ಹೊರಗೆಳೆದರು. ಅವನ ಅಂಗಡಿಯಿಂದಲೇ ಪಾತ್ರೆ ಬಡಿಯುವ ಅಡಿಗಲ್ಲು ತಂದು, ಬಲಗೈಯನ್ನು ಅದರ ಮೇಲಿಟ್ಟು, ಅವನದೇ ಸುತ್ತಿಗೆಯಿಂದ ಒಂದೊಂದೇ ಬೆರಳು ಜಜ್ಜಿದರು. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿ ಅವನನ್ನು ಮತ್ತೆ ಒಳಗೆ ಹಾಕಿಕೊಂಡರು. ಟೆಲಿಫೋನ್ ತಂತಿ ಕಡಿದಿದ್ದರು. ಆ ದಿನ ಸಂಜೆಯೊಳಗೆ ಅವನನ್ನು ಒಪ್ಪಿಸದಿದ್ದರೆ ಠಾಣೆಗೇ ಬೆಂಕಿಯಿಡುತ್ತೇವೆ ಎಂದಿದ್ದರು.

ಎರಡನೆಯದು ಮದ್ರಾಸಿನಿಂದ ಬಂದ ಟಪಾಲು. ವಿಮಾನದ ಚಾಲಕನ ದೂರು. ಬಳ್ಳಾರಿಯ ಮೇಲೆ ಹನ್ನೊಂದು ಐವತ್ತಕ್ಕೆ ಎಂದು ಲೆಕ್ಕವಿತ್ತು. ಆದರೆ ಹದಿಮೂರು ನಿಮಿಷ ಮುಂಚೆಯೇ ಮೋಡದ ಸಂದಿಯಲ್ಲಿ ಗುರುತು ಸಿಗದ ಊರೊಂದು, ದೊಡ್ಡ ಹೊಳೆಯೊಂದು ಕಂಡವು. ಎರಡು ಸುತ್ತು ಹಾಕಿದರೂ ಊರು ಯಾವುದೆಂದು ತಿಳಿಯದೆ, ಅಂದಾಜಿನ ಮೇಲೆ ಎಡಕ್ಕೆ ತಿರುಗಿ ಹೋದೆ ಎಂದು ಬರೆದಿದ್ದ. ಬಳ್ಳಾರಿಯ ಗಾಳಿಯನ್ನು ಪರೀಕ್ಷಿಸಿ ಎಂದು ಕೊನೆಯ ಸಾಲು.

ನಾನು ಎದ್ದು ಅಂಗಳಕ್ಕೆ ಹೋದೆ. ಮಳೆ ನಿಂತು ಗುಡ್ಡಗಳು ತೊಳೆದಂತೆ ಕಾಣುತ್ತಿದ್ದವು. ದುರ್ಬೀನಿಲ್ಲದೆ, ಬರಿಗಣ್ಣಿನಿಂದ ನೋಡಿದೆ. ಎರಡು ಗುಡ್ಡಗಳ ಮೇಲೆ ಎರಡು ಬಿಳಿ. ಬಲಗಡೆಯದು ನಮ್ಮ ಕಲ್ಲುಗಂಬ. ಎಡಗಡೆಯ ಗುಡ್ಡದ ಮೇಲಿನದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

"ಅದೇನು?" ಎಂದು ಜವಾನನನ್ನು ಕೇಳಿದೆ.

"ಪೊಲೀಸ್ನೋರ ಕಾವಲ ಗೋಡಿ ರೀ. ಹೋದ ವಾರ ಕಟ್ಯಾರ. ಸುಣ್ಣದ ಗಡಿಗಿ ನಾನಽ ಹೊತ್ತು ಕೊಟ್ಟೆ."

"ನನಗೇಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ. ಯಾಕ, ಏನಾತು?"

ಥಿಯೊಡೊಲೈಟಿನಿಂದ ಎರಡರ ನಡುವಿನ ಕೋನ ಅಳೆದೆ. ಮೂವತ್ತು ಡಿಗ್ರಿ. ಅಂದರೆ ಆ ದಿನ ನಾನು ಹೇಳಿದ ಪ್ರತಿಯೊಂದು ದಿಕ್ಕೂ ಮೂವತ್ತು ಡಿಗ್ರಿ ತಪ್ಪು. ಗಾಳಿ ಪಡುವಣದಿಂದ ಉತ್ತರಕ್ಕೆ ವಾಲಿ ಅಲ್ಲ, ದಕ್ಷಿಣಕ್ಕೆ ವಾಲಿ ಬೀಸಿತ್ತು. ವಿಮಾನಕ್ಕೆ ಎದುರಾಗುವ ಬದಲು ಅದರ ಎಡಮಗ್ಗುಲಿಗೆ ಬಡಿದು ಬಲಕ್ಕೆ ತಳ್ಳಿತ್ತು. ಎದುರುಗಾಳಿ ಕಡಿಮೆಯಾದ್ದರಿಂದ ಬೇಗ ಬಂದಿತ್ತು. ಮೇಜಿಗೆ ಬಂದು ಮೊದಲಿನಿಂದ ಗುಣಿಸಿದೆ, ನಕಾಶೆಯ ಮೇಲೆ ಪೆನ್ಸಿಲಿನಿಂದ ಹೊಸ ಗೆರೆ ಎಳೆದೆ. ಗೆರೆ ಬಳ್ಳಾರಿಯನ್ನು ಎಡಕ್ಕೆ ಬಿಟ್ಟು ಸಿರುಗುಪ್ಪದ ಹತ್ತಿರ ಹೊಳೆ ಮುಟ್ಟಿತು. ವೇಳೆ ಹನ್ನೊಂದು ಮೂವತ್ತೇಳಕ್ಕೆ ಒಂದು ನಿಮಿಷ ಹಿಂದೆಮುಂದೆ.

ಹಿರಿಯರ ಮುಂದೆ ನಕಾಶೆ ಇಟ್ಟೆ. ಅವರು ಮೈಸೂರಿನ ಕಡೆಯವರು, ಸಾಧುಮನುಷ್ಯರು, ನಿವೃತ್ತಿಗೆ ಹತ್ತಿರವಿದ್ದರು. ಪೆನ್ಸಿಲಿನ ಗೆರೆಯ ಮೇಲೆ ಬೆರಳೋಡಿಸಿದರು.

"ಚಾಲಕ ಮೋಡದಲ್ಲಿ ದಾರಿ ತಪ್ಪಿದ ಅಂತ ಬರೆದುಬಿಡಮ್ಮಾ. ಅದೇನೂ ಸುಳ್ಳಲ್ಲ."

"ಹಾಗೆ ಬರೆದರೆ ಅದು ಸಿರುಗುಪ್ಪಕ್ಕೇ ಬಂತು ಅಂತ ಸಾಬೀತಾಗುವುದಿಲ್ಲ ಸಾರ್. ನನ್ನ ತಪ್ಪು ಸೇರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ."

"ಹೆಂಗಸನ್ನ ಈ ಕೆಲಸಕ್ಕೆ ತಗೊಂಡಾಗ ಮೇಲಿನೋರು ಏನಂದಿದ್ರು ಗೊತ್ತಲ್ಲ? ಅವರ ಕೈಗೆ ನೀನೇ ಕೊಡ್ತಿದ್ದೀಯ."

"ಸಂಜೆಯೊಳಗೆ ಅವನನ್ನು ಕೊಲ್ಲುತ್ತಾರೆ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೀರುವಿನಿಂದ ಆ ದಿನದ ಮೂಲ ವಹಿಯನ್ನು ತೆಗೆದು ನನ್ನ ಕೈಗಿಟ್ಟರು. ಅದನ್ನು ಕಚೇರಿಯಿಂದ ಹೊರಗೆ ಒಯ್ಯುವಂತಿರಲಿಲ್ಲ.

ವಾಪಸು ಹೊರಟಿದ್ದ ಪೊಲೀಸ್ ವ್ಯಾನು ಹತ್ತಿದೆ. ಜವಾನನೂ ಹತ್ತಿ ಕುಳಿತ. ನಾನು ಕರೆದಿರಲಿಲ್ಲ. ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದೆ ವಹಿಯನ್ನು ಎದೆಗವಚಿಕೊಂಡೆ. ಬಳ್ಳಾರಿ ದಾಟಿದ ಮೇಲೆ ಅವನಿಗೆ ಎಲ್ಲವನ್ನೂ ಹೇಳಿದೆ: ಯಾವ ಬಿಳಿ, ಎಷ್ಟು ಡಿಗ್ರಿ, ಎಷ್ಟು ಮೈಲಿ. ಅವನು ರಸ್ತೆಯನ್ನೇ ನೋಡುತ್ತಿದ್ದ.

ಕುರುಗೋಡಿನ ಹತ್ತಿರ ರಸ್ತೆಗೆ ಬಂಡೆ ಉರುಳಿಸಿದ್ದರು. ಕೊಡಲಿ, ಬಡಿಗೆ ಹಿಡಿದ ಇಪ್ಪತ್ತು ಮೂವತ್ತು ಜನ. ವ್ಯಾನು ನಿಂತ ಕೂಡಲೇ ಗಾಜಿಗೆ ಕಲ್ಲು ಬಿತ್ತು. ವ್ಯಾನಿನವನನ್ನು ಅಂಗಿ ಹಿಡಿದು ಎಳೆದು, ಹೆಸರು ಕೇಳಿ, ಕೊರಳಲ್ಲಿ ಲಿಂಗ ನೋಡಿ ಬಿಟ್ಟರು. ಒಬ್ಬ ನನ್ನ ಕೈಯಿಂದ ವಹಿ ಕಿತ್ತುಕೊಂಡ. ಪುಟದ ತುಂಬ ಐದೈದು ಅಂಕಿಗಳ ಸಾಲು.

"ಏನಲೇ ಇದು, ಬರೇ ಅಂಕಿ? ಇದು ಆ ಕಡಿಯೋರಿಗೆ ಬರದ ಗುಟ್ಟಿನ ಕಾಗದ! ಹೆಂಗಸರ ಕೈಲಿ ಕಳಸ್ಯಾರ!"

"ಅದು ಗಾಳಿಯ ಲೆಕ್ಕ," ಎಂದೆ.

"ಗಾಳಿಗಿ ಯಾವಾಕಿ ಲೆಕ್ಕಾ ಬರೀತಾಳಲೇ?" ಎಂದು ಯಾರೋ ನಕ್ಕರು. ಅಡ್ಡ ಬಂದ ಜವಾನನ ಹೆಗಲಿಗೆ ಬಡಿಗೆ ಬಿತ್ತು. ಅವನು ಮೊಣಕಾಲೂರಿದ. ಎರಡನೆಯ ಏಟು ಬೆನ್ನಿಗೆ. ಕೆಳಗಿನಿಂದಲೇ ಕೂಗಿದ:

"ಬಡೀರಲೇ! ನಮ್ಮಕ್ಕನ್ನ ಮೊನ್ನಿ ಹುಗದು ಬಂದೀನಿ. ಎರಡೂ ಕೈ ಇಲ್ದಂಗ ಹುಗದೀನಿ. ನಿಮ್ಮ ಮನ್ಯಾಗ ಯಾರರ ಸತ್ತಾರೇನು? ಸತ್ತೋರು ಮುಂದ ಬರ್ರಿ, ಅವರ ಕೈಲಿ ಬಡಿಸ್ಕೊಂತೀನಿ!"

ಬಡಿಗೆ ಮೂರನೆಯ ಬಾರಿ ಬೀಳಲಿಲ್ಲ. ವಹಿಯನ್ನು ಕೆಸರಿಗೆ ಎಸೆದು ದಾರಿ ಬಿಟ್ಟರು. ನಾನು ಅದನ್ನು ಸೆರಗಿನಿಂದ ಒರೆಸಿದೆ. ಆ ದಿನದ ಪುಟದ ಶಾಯಿ ಹರಡಿತ್ತು, ಓದಲು ಬರುತ್ತಿತ್ತು.

ಸಿರುಗುಪ್ಪ ತಲುಪಿದಾಗ ಇನ್ನೂ ಬಿಸಿಲಿತ್ತು. ಠಾಣೆಯ ಸುತ್ತ ಜನ. ಸೀಮೆಎಣ್ಣೆಯ ಡಬ್ಬಿಗಳು ಕಣ್ಣಿಗೆ ಬೀಳುವಂತೆಯೇ ಇದ್ದವು. ಒಳಗೆ ಕಲಾಯಿಯವನು ಗೋಡೆಗೊರಗಿ ಕುಳಿತಿದ್ದ. ಐವತ್ತರ ಸುಮಾರಿನ ಸಣ್ಣ ಮೈಯ ಮನುಷ್ಯ. ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈಗೆ ಸುತ್ತಿದ ಬಟ್ಟೆ ಕಪ್ಪಾಗಿ ಅಂಟಿಕೊಂಡಿತ್ತು. ಹೆಂಡತಿ ಅವನ ಬಾಯಿಗೆ ನೀರು ಹನಿಸುತ್ತಿದ್ದಳು. ನೀರು ತುಟಿಯ ಒಡಕಿನಿಂದ ಹೊರಗೆ ಬರುತ್ತಿತ್ತು.

ಇನ್‌ಸ್ಪೆಕ್ಟರಿಗೆ ನಕಾಶೆ ಬಿಡಿಸಿ ತೋರಿಸಿದೆ. ಮೊದಲು ಅವರಿಗೆ ಸಿಟ್ಟು ಬಂತು. "ನಿನ್ನಿ ಸಾಧ್ಯ ಇಲ್ಲ ಅಂದ್ರಿ. ಇವತ್ತು ಅದಽ ವಿಮಾನ ಅಂತೀರಿ. ನಾಳಿ ಏನಂತೀರಿ?"

"ನಿನ್ನೆಯ ಲೆಕ್ಕಕ್ಕೆ ಆಧಾರವಾದ ಗಾಳಿಯೇ ತಪ್ಪು. ತಪ್ಪು ಮಾಡಿದವಳು ನಾನು. ಬರೆದು ಸಹಿ ಮಾಡಿದ್ದೇನೆ. ಚಾಲಕನ ಕಾಗದದ ನಕಲೂ ಇದೆ."

ಅವರು ಎರಡು ಸಲ ಓದಿದರು. ನಂತರ, "ಇದನ್ನ ನಾನು ಓದಿದ್ರ ಜನ ನಂಬೂದಿಲ್ಲ. ನೀವಽ ಹೇಳ್ರಿ," ಎಂದರು.

ಠಾಣೆಯ ಕಟ್ಟೆಯ ಮೇಲೆ ನಿಂತು ಹೇಳಿದೆ. ಹತ್ತು ಜನರ ಎದುರು ಮಾತಾಡಿ ಅಭ್ಯಾಸವಿಲ್ಲದವಳು. ವಿಮಾನ ಮದ್ರಾಸಿನದು, ಮುಂಬಯಿಗೆ ಹೋಗುವಾಗ ದಾರಿ ತಪ್ಪಿತ್ತು, ದಾರಿ ತಪ್ಪಿಸಿದ್ದು ನಾನು, ಈ ಮನುಷ್ಯ ಪಾತ್ರೆ ಒಣಗಿಸುತ್ತಿದ್ದ. ಕಲ್ಲೊಂದು ಬಂದು ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗೆ ಬೆಚ್ಚಗೆ ಇಳಿಯಿತು. ಮುಂದಿನ ಮಾತು ಮರೆತುಹೋಯಿತು.

ಆಗ ಜವಾನ ಕಟ್ಟೆ ಹತ್ತಿದ. ಸಿರುಗುಪ್ಪದಲ್ಲಿ ಅವನನ್ನು ಬಲ್ಲವರಿದ್ದರು. "ನಮ್ಮಕ್ಕ ಹೆಂಗ ಸತ್ಲು ಅಂತ ಇಲ್ಲಿ ಎಲ್ಲಾರಿಗೂ ಗೊತ್ತೈತಿ," ಎಂದ. "ಇಂವನ್ನ ಕೊಲ್ಲಾಕಂತ ಮೊನ್ನಿ ನಾನೂ ಕೊಡಲಿ ಮಸದಿದ್ದೆ. ಆ ಹಾಳು ಗ್ವಾಡಿಗಿ ಸುಣ್ಣಾ ಹೊತ್ತಂವ ನಾನು. ನೋಡಿ ತಪ್ಪು ಓದಿದಾಕಿ ಈಕಿ. ಕೈ ಮುರಿಯೂದಿದ್ರ ನಮ್ಮಿಬ್ಬರದು ಮುರೀರಿ. ಅಡಿಗಲ್ಲು ಇಲ್ಲೇ ಐತಲ್ಲ!"

ತನ್ನ ಬಲಗೈಯನ್ನು ಕಲ್ಲಿನ ಮೇಲಿಟ್ಟ. ಕಲ್ಲಿನ ಮೇಲೆ ಹಿಂದಿನ ದಿನದ ರಕ್ತ ಒಣಗಿತ್ತು. ನಾನೂ ಕೂತು ನನ್ನದನ್ನು ಅದರ ಪಕ್ಕಕ್ಕಿಟ್ಟೆ.

ಯಾರೂ ಮುಂದೆ ಬರಲಿಲ್ಲ. ಯಾರೂ ಕ್ಷಮೆ ಕೇಳಲೂ ಇಲ್ಲ. ಹಿಂದಿನ ಸಾಲಿನವರು ಡಬ್ಬಿ ಎತ್ತಿಕೊಂಡು ಮೊದಲು ಹೋದರು. ಆ ಸಂದಿನಲ್ಲಿ ಇನ್‌ಸ್ಪೆಕ್ಟರ್ ಕಲಾಯಿಯವನನ್ನು ವ್ಯಾನಿಗೆ ಹಾಕಿಸಿದರು. ನನ್ನ ಪಕ್ಕದಲ್ಲಿ ಹಾದುಹೋಗುತ್ತ ಅವನ ಹೆಂಡತಿ ನಿಂತಳು.

"ಈ ಮಾತು ನಿನ್ನೇನೇ ಹೇಳಿದ್ರ ಇವರ ಕೈ ಉಳೀತಿತ್ತಲ್ರೀ ಅಮ್ಮಾ," ಎಂದಳು. ಬೈಗುಳದ ಸ್ವರವಲ್ಲ ಅದು. ತಿಳಿಯಲಿಕ್ಕೆ ಕೇಳಿದಂತಿತ್ತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನು ಬದುಕಿದ. ಕೈಯನ್ನು ಮಣಿಕಟ್ಟಿನಿಂದ ತೆಗೆದರು. ನನಗೆ ಎಚ್ಚರಿಕೆಯ ಪತ್ರ ಬಂತು. ಕೆಲಸ ಉಳಿಯಿತು, ಹಿರಿಯರು ಏನು ಬರೆದರೋ ಗೊತ್ತಿಲ್ಲ. ಅಂದಿನಿಂದ ಥಿಯೊಡೊಲೈಟನ್ನು ಬಿಗಿಯುವ ಮೊದಲು ನಾನು ಬರಿಗಣ್ಣಿನಿಂದ ಗುಡ್ಡ ನೋಡುತ್ತೇನೆ. ಜವಾನ ಪಕ್ಕದಲ್ಲಿ ನಿಂತು, "ಬಲಗಡಿದು ರೀ," ಎನ್ನುತ್ತಾನೆ. ದಿನಾ ಎನ್ನುತ್ತಾನೆ.

ಮುಂದಿನ ವರ್ಷದ ಚಳಿಗಾಲದಲ್ಲಿ, ಗಂಡ ಹೆಂಡತಿ ಸಿರುಗುಪ್ಪ ಬಿಟ್ಟು ಕುರುಗೋಡಿನಲ್ಲಿ ಅಂಗಡಿ ಹಾಕಿದ್ದಾರೆಂದು ಜವಾನ ತಿಳಿದುಕೊಂಡು ಬಂದ. ಮನೆಯ ಎರಡು ತಾಮ್ರದ ತಟ್ಟೆಗಳನ್ನು ತೆಗೆದುಕೊಂಡು ಹೋದೆ. ಈಗ ಕೆಲಸ ಮಾಡುವವಳು ಹೆಂಡತಿ. ಅವನು ಎಡಗೈಯಿಂದ ತಿದಿ ಒತ್ತುತ್ತ, "ಇನ್ನಷ್ಟು ಕಾಯ್ಲಿ... ಈಗ ನವಸಾಗರದ ಪುಡಿ ಹಾಕು... ತಿಕ್ಕು, ಜಲ್ದಿ," ಎಂದು ಹೇಳಿಕೊಡುತ್ತಿದ್ದ. ನನ್ನ ಗುರುತು ಇಬ್ಬರಿಗೂ ಸಿಕ್ಕಿತು. ತವರ ಕರಗಿ ತಟ್ಟೆಯ ಮೇಲೆ ಹರಡಿತು. ಅರಳೆಯಿಂದ ಒರೆಸಿದಾಗ ಬೆಳ್ಳಗೆ ಹೊಳೆಯಿತು. ಅವಳು ಅದನ್ನು ನೀರಿಗದ್ದಿ ಹೊಸ್ತಿಲ ಬಳಿ ಒಣಗಲಿಟ್ಟಳು.

ಆಗ ಮೇಲೆ ಸಪ್ಪಳ ಕೇಳಿಸಿತು. ಮದ್ರಾಸಿನಿಂದ ಮುಂಬಯಿಗೆ. ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡೆ. ಬೆಳಿಗ್ಗೆ ನಾನು ಕೊಟ್ಟ ಗಾಳಿ ಸರಿಯಾಗಿತ್ತು. ವಿಮಾನ ಬರಬೇಕಾದ ನಿಮಿಷಕ್ಕೆ, ಬರಬೇಕಾದ ಗೆರೆಯ ಮೇಲೇ ಬಂದಿತ್ತು.

ಅವಳು ತಲೆಯೆತ್ತಲಿಲ್ಲ. ಕೈಚಾಚಿ, ಹೊಸ್ತಿಲ ಬಳಿಯಿದ್ದ ತಟ್ಟೆಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಸಪ್ಪಳ ಪೂರ್ತಿ ಅಡಗುವವರೆಗೆ ಅಂಗೈಯನ್ನು ಅವುಗಳ ಮೇಲಿಂದ ತೆಗೆಯಲಿಲ್ಲ.